ಚಿನ್ನದ ನಾಣ್ಯದ ಮೇಲಿನ ‘ದೇವಿ’ ಯಾರು? ತುರುಬೇ ಗುರುತು

1786ರಲ್ಲಿ ನೆಲ್ಲೂರಿನ ಬಳಿ ಉಳುಮೆ ಮಾಡುತ್ತಿದ್ದ ರೈತನೊಬ್ಬನ ನೇಗಿಲಿಗೆ ಹಳೆಯ ಗುಡಿಯೊಂದರ ಅವಶೇಷ ತಗುಲಿತು. ಅದರಡಿಯ ಮಡಕೆಯಲ್ಲಿ ರೋಮನ್ ಚಿನ್ನದ ನಾಣ್ಯಗಳಿದ್ದವು. ರೈತ ಕೆಲವನ್ನು ಹಳೆಯ ಚಿನ್ನವೆಂದೇ ಮಾರಿದ. ಅವು ಮೂಸೆ ಸೇರಿದವು. ಉಳಿದ ಸುಮಾರು 30 ನಾಣ್ಯಗಳನ್ನು ಕಂಡ ಅಲೆಕ್ಸಾಂಡರ್ ಡೇವಿಡ್‌ಸನ್ ಎಂಬ ಮದರಾಸಿನ ಅಧಿಕಾರಿ, ಅವು ಟ್ರಾಜನ್, ಹೇಡ್ರಿಯನ್ ಹಾಗೂ ಫೌಸ್ತಿನಾರವು ಎಂದು ದಾಖಲಿಸಿದರು. ಕೆಲವಕ್ಕೆ ಆಭರಣದಂತೆ ಧರಿಸಲು ತೂತು ಕೊರೆಯಲಾಗಿತ್ತು.

ಈ ಮೂವರಲ್ಲಿ ಗೊಂದಲ ಹುಟ್ಟಿಸುವ ಹೆಸರು ಫೌಸ್ತಿನಾ. ಕಾರಣ, ಆ ಹೆಸರಿನ ಇಬ್ಬರು ರಾಣಿಯರಿದ್ದರು, ತಾಯಿ ಮತ್ತು ಮಗಳು. ಮರಣಾನಂತರ ಇಬ್ಬರಿಗೂ ರೋಮ್ ದೈವತ್ವ ನೀಡಿತು. ತಾಯಿ ಸಾಮ್ರಾಟ ಆಂಟೋನಿನಸ್ ಪಯಸ್‌ನ ಪತ್ನಿ. ಆಕೆ ಕ್ರಿ.ಶ. 140ರ ಸುಮಾರಿಗೆ ತೀರಿಕೊಂಡ ಬಳಿಕ ಪತಿ ಎರಡು ದಶಕಗಳ ಕಾಲ ಆಕೆಯ ಹೆಸರಿನಲ್ಲಿ ನಾಣ್ಯ ಅಚ್ಚು ಹಾಕಿಸಿದ. ಮಗಳು ಮಾರ್ಕಸ್ ಅರೇಲಿಯಸ್‌ನ ಪತ್ನಿ.

ನಾಣ್ಯದ ಅಂಚಿನಲ್ಲಿ ‘ದಿವಾ’ ಎಂಬ ಪದವಿದ್ದರೆ ಅದು ಮರಣಾನಂತರದ್ದು. ಲ್ಯಾಟಿನ್ನಿನ ಈ ಪದವೂ ನಮ್ಮ ‘ದೇವಿ’ಯೂ ಒಂದೇ ಮೂಲದವು. ಓದುವಾಗ ಒಂದು ಎಚ್ಚರ ಬೇಕು: ಹೆಸರಿನಲ್ಲಿ ‘ಯು’ ಇರಬೇಕಾದಲ್ಲಿ ‘ವಿ’ ಅಕ್ಷರವಿರುತ್ತದೆ, ಅದು ಅಚ್ಚಿನ ತಪ್ಪಲ್ಲ. ಮಗಳ ಮರಣಾನಂತರದ ನಾಣ್ಯಗಳಲ್ಲಿ ಸಾಮಾನ್ಯವಾಗಿ ‘ಪಿಯಾ’ ಎಂಬ ಪದವೂ ಸೇರುತ್ತದೆ. ಅಕ್ಷರ ಸವೆದಿದ್ದರೆ ಕೇಶಾಲಂಕಾರ ನೋಡಬೇಕು. ತಾಯಿಯ ಜಡೆ ನೆತ್ತಿಯ ಮೇಲೆ ಸುರುಳಿಯಾಗಿ ಏರಿದೆ. ಮಗಳ ತುರುಬು ಹಿಂಗತ್ತಿನ ಬಳಿ ಇಳಿದಿದೆ. ತೂಕ ಏಳು ಗ್ರಾಂಗಿಂತ ತುಸು ಹೆಚ್ಚಿರಬೇಕು. ಅಕ್ಷರಗಳು ಅರ್ಥಹೀನ ಗೆರೆಗಳಾಗಿದ್ದರೆ ಅದು ಪ್ರಾಚೀನ ಭಾರತೀಯ ಅನುಕರಣೆಯಾಗಿರಬಹುದು. ಅದನ್ನು ‘ನಕಲಿ’ ಎಂದು ಬಿಸಾಡುವುದು ದೊಡ್ಡ ತಪ್ಪು, ಅದೂ ಇತಿಹಾಸವೇ.

ಕರ್ನಾಟಕದ ಚಂದ್ರವಳ್ಳಿ ಮತ್ತು ಯಶವಂತಪುರಗಳಲ್ಲಿ ದೊರೆತವು ಬೆಳ್ಳಿಯ ರೋಮನ್ ನಾಣ್ಯಗಳು. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನ ಚಿನ್ನದ ನಿಧಿ ಬಹುಪಾಲು 5–6ನೇ ಶತಮಾನದ್ದು. ಅಥಣಿ ತಾಲ್ಲೂಕಿನ ಸತ್ತಿಯಂಥ ಗಡಿ ಊರುಗಳಿಗೆ ದೂರವಲ್ಲದ ಕೊಲ್ಹಾಪುರದಲ್ಲಿ, ಬ್ರಹ್ಮಪುರಿ ದಿಬ್ಬದಿಂದ ರೋಮನ್ ಶೈಲಿಯ ಸಮುದ್ರದೇವನ ಕಂಚಿನ ವಿಗ್ರಹ 1940ರ ದಶಕದಲ್ಲಿ ಹೊರಬಂದಿತ್ತು. ಆದ್ದರಿಂದ ಈ ಸೀಮೆಯ ಹೊಲದಲ್ಲಿ ಇಂಥದೊಂದು ಮುಖ ಕಂಡರೆ ಅಚ್ಚರಿಯಿಲ್ಲ.

ಕಂಡಲ್ಲಿ ಉಜ್ಜಿ ತೊಳೆಯಬಾರದು, ಅಕ್ಕಸಾಲಿಗರ ಬಳಿ ಒಯ್ಯಬಾರದು. ರಾಜ್ಯದ 1962ರ ನಿಧಿ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು. ಎಷ್ಟು ಆಳದಲ್ಲಿ, ಯಾವ ಮಡಕೆಯಲ್ಲಿ, ಯಾವುದರ ಜೊತೆ ಸಿಕ್ಕಿತು ಎಂಬುದನ್ನೂ ಆಗಲೇ ಬರೆದಿಡಬೇಕು.