ಹುಸಿ ಬಾತು, ಹುಸಿ ಮಾತು

ಚಳಿಗಾಲದಲ್ಲಿ ಮಲಪ್ರಭೆಯ ಮಡುಗಳಿಗೂ ಆಲಮಟ್ಟಿಯ ಹಿನ್ನೀರಿಗೂ ಕಾಡುಬಾತುಗಳು ಬಂದಿಳಿಯುತ್ತವೆ. ಅದೇ ಹೊತ್ತಿಗೆ ಮೊಬೈಲುಗಳಲ್ಲಿ ಅಮೆರಿಕದ ಬಾತು ಬೇಟೆಯ ವಿಡಿಯೊಗಳೂ ಓಡಾಡುತ್ತವೆ: ಹೊಸ ಪ್ಲಾಸ್ಟಿಕ್ ಬಾತುಗಳಿಗೆ ದಾರ ಕಟ್ಟಿ, ನೀರಿಗೆ ಬಿಟ್ಟು, ಮೇಲೆ ಹಾರುವ ನಿಜ ಬಾತುಗಳನ್ನು ಕೆಳಗಿಳಿಸುವ ವಿದ್ಯೆ. ಅವನ್ನು ನೋಡಿ ಐಹೊಳೆ, ಅಮೀನಗಡದ ಚಹಾದಂಗಡಿಗಳಲ್ಲಿ ಹುಟ್ಟುವ ತೀರ್ಮಾನಗಳಿಗೆ ಧೈರ್ಯ ಬಹಳ.

ತಪ್ಪು ಕಲ್ಪನೆ: ಇದು ಬಿಳಿಯರ ಚಾಳಿ, ನಮ್ಮಲ್ಲಿ ಇರಲಿಲ್ಲ.

ಇತ್ತು. ಪಳಗಿದ ಪ್ರಾಣಿಯನ್ನೋ ಹಕ್ಕಿಯನ್ನೋ ಮುಂದಿಟ್ಟು ಅದರ ಜಾತಿಯದನ್ನೇ ಹಿಡಿಯುವುದು ಕನ್ನಡ ನಾಡಿನ ಬೇಟೆಗಾರರ ಹಳೆಯ ಉಪಾಯ. ಅಂಥ ಪ್ರಾಣಿಯೇ ದೀಹ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದ ಬೇಟೆಯ ಭಾಗದಲ್ಲಿ, ಸಾಕಿದ ಜಿಂಕೆ ಬಿಟ್ಟು ಕಾಡುಜಿಂಕೆಯನ್ನು ಸೆಳೆಯುವ ಬಗೆಯೂ ಬರುತ್ತದೆ. ನಮ್ಮಲ್ಲಿ ಜೀವಂತ ದೀಹವಾದರೆ ಅಮೆರಿಕದ ಮೂಲನಿವಾಸಿಗಳಲ್ಲಿ ಗೊಂಬೆ. ನೆವಾಡಾದ ಲವ್‌ಲಾಕ್ ಗವಿಯಲ್ಲಿ 1924ರಲ್ಲಿ ಸಿಕ್ಕ ಜೊಂಡಿನ ಬಾತುಗಳಿಗೆ ಸುಮಾರು 2000 ವರ್ಷ. ಅಲ್ಲಿಯೂ ಇದು ಬಿಳಿಯರು ತಂದದ್ದಲ್ಲ.

ತಪ್ಪು ಕಲ್ಪನೆ: ಬಣ್ಣ ಎಷ್ಟು ಮಿಂಚಿದರೆ ಅಷ್ಟು ಒಳ್ಳೆಯದು.

ಹೊಳಪೇ ಮೊದಲ ಶತ್ರು. ಗರಿಯ ಮೇಲೆ ಬಿದ್ದ ಬಿಸಿಲು ಚದುರಿಹೋಗುತ್ತದೆ, ಹೊಸ ಪ್ಲಾಸ್ಟಿಕ್ಕಿನ ಮೇಲೆ ಬಿದ್ದದ್ದು ಕಣ್ಣಿಗೆ ಹೊಡೆಯುತ್ತದೆ. ಮನುಷ್ಯನ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು 3 ಬಗೆ, ಹಗಲು ಹಕ್ಕಿಗಳಲ್ಲಿ 4 ಬಗೆ. ಅವನ್ನು ಬಣ್ಣದಿಂದ ಮರುಳು ಮಾಡುವುದು ಸುಲಭವಲ್ಲ. ಅದಕ್ಕೇ ಬಲ್ಲವರು ಹೊಸ ಗೊಂಬೆಯ ಜಿಡ್ಡು ತೊಳೆದು, ಒಣಗಿಸಿ, ಹೊಳಪಿಲ್ಲದ ಬಣ್ಣ ಬಳಿಯುತ್ತಾರೆ. ಇನ್ನೊಂದು ಮಾತು: ಗಂಡು ಬಾತುಗಳು ಮಳೆಗಾಲದ ಕೊನೆಗೆ ಹೆಣ್ಣಿನಂತೆ ಮಾಸಲು ಗರಿಯಲ್ಲೇ ಇರುತ್ತವೆ. ಆಗ ಹಸಿರು ತಲೆಯ ಮದುವಣಿಗರ ಹಿಂಡನ್ನು ತೇಲಿಬಿಟ್ಟರೆ ಬಾತಿಗೂ ಅನುಮಾನ ಬಂದೀತು.

ತಪ್ಪು ಕಲ್ಪನೆ: ಡಬ್ಬಿ ಒಡೆದು ನೀರಿಗೆ ಬಿಟ್ಟರೆ ಕೆಲಸ ಮುಗಿಯಿತು.

ನಿಜವಾದ ಕೆಲಸ ಶುರುವಾಗುವುದೇ ಆಗ. ಒಳಗೆ ಟೊಳ್ಳಾದ ಗೊಂಬೆಯನ್ನು ಬಕೆಟ್ಟಿನಲ್ಲಿ ಮುಳುಗಿಸಿ ಒತ್ತಬೇಕು. ಗುಳ್ಳೆ ಎದ್ದರೆ ಬೆಸುಗೆ ಬಿಟ್ಟಿದೆ ಎಂದರ್ಥ. ಹೊಟ್ಟೆಯ ಕೆಳಗೆ ಉದ್ದಕ್ಕೆ ಒಂದು ಏಣು ಇರುತ್ತದೆ. ಕೆಲವದರಲ್ಲಿ ಅದಕ್ಕೆ ತೂಕ ತುಂಬಿರುತ್ತಾರೆ, ಕೆಲವದರಲ್ಲಿ ತೂತಿಟ್ಟು ನೀರೇ ಒಳಹೋಗುವಂತೆ ಮಾಡಿರುತ್ತಾರೆ. ತೂಕದ ಏಣಿನ ಗೊಂಬೆಯನ್ನು ತಲೆಕೆಳಗಾಗಿ ಎಸೆದರೂ ಮಗುಚಿ ನೆಟ್ಟಗೆ ನಿಲ್ಲಬೇಕು. ದಾರವನ್ನು ಏಣಿನ ಮುಂತುದಿಗೆ ಕಟ್ಟಬೇಕು; ಆಗ ಗಾಳಿ ಬಂದ ಕಡೆಗೆ ಕೊಕ್ಕು ತಿರುಗುತ್ತದೆ, ನಿಜ ಬಾತಿನ ಹಾಗೆ. ಹಿಂದೆ ಕಟ್ಟಿದರೆ ಗಾಳಿಗೆ ಬಾಲ ಕೊಟ್ಟು ನಿಲ್ಲುತ್ತದೆ. ದಾರದ ಇನ್ನೊಂದು ತುದಿಗೆ ತಳ ಹಿಡಿಯುವ ತೂಕ ಕಟ್ಟಬೇಕು, ದಾರ ನೀರಿನ ಆಳಕ್ಕಿಂತ ಉದ್ದವಿರಬೇಕು. ಮೇಲೆ ನವಿಲುತೀರ್ಥದ ಅಣೆಕಟ್ಟಿನಿಂದ ನೀರು ಬಿಟ್ಟರೆ ಮಲಪ್ರಭೆಯ ಆಳವೇ ಬದಲಾಗುವಂಥ ಕಡೆ ಅಳತೆಗೆ ಸರಿಯಾಗಿ ಕಟ್ಟಿದ ದಾರ ಕೆಲಸಕ್ಕೆ ಬಾರದು. ಎಲ್ಲಕ್ಕೂ ಮುಖ್ಯ, ಹಿಂಡಿನ ನಡುವೆ ಖಾಲಿ ನೀರು ಬಿಡಬೇಕು. ಬಾತು ಗಾಳಿಗೆ ಎದುರಾಗಿ ಇಳಿಯುತ್ತದೆ, ಅದಕ್ಕೊಂದು ಜಾಗ ಬೇಡವೇ?

ತಪ್ಪು ಕಲ್ಪನೆ: ದಾರದ ತುದಿಯ ತೂಕಕ್ಕೆ ಸೀಸವೇ ಸೈ.

ತೂಕ ಹೌದು, ಆದರೆ ವಿಷ. ತಳದಲ್ಲಿ ಉಳಿದ ಸಣ್ಣ ಸೀಸದ ಚೂರುಗಳನ್ನು ಬಾತುಗಳು ಹರಳೆಂದು ನುಂಗಿ ಸಾಯುತ್ತವೆ. ಅಮೆರಿಕ ನೀರುಹಕ್ಕಿ ಬೇಟೆಯಲ್ಲಿ ಸೀಸದ ಚರೆಯನ್ನು 1991ರಲ್ಲಿ ನಿಷೇಧಿಸಿದ್ದು ಇದಕ್ಕೇ.

ತಪ್ಪು ಕಲ್ಪನೆ: ಬಂದೂಕು ಇಲ್ಲದಿದ್ದರೆ ಕಾನೂನಿನ ಭಯವಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂದರೆ ಗುಂಡು ಹೊಡೆಯುವುದಷ್ಟೇ ಅಲ್ಲ. ಹಿಡಿಯುವುದು, ಉರುಲು ಹಾಕುವುದು, ಅದಕ್ಕಾಗಿ ಆಮಿಷ ಒಡ್ಡುವುದು, ಹಾಗೆ ಮಾಡಲು ಯತ್ನಿಸುವುದು ಎಲ್ಲವೂ ಬೇಟೆಯೇ. 1991ರ ತಿದ್ದುಪಡಿಯ ನಂತರ ಮೋಜಿನ ಬೇಟೆಗೆ ದಾರಿಯೇ ಉಳಿದಿಲ್ಲ. ಬಾತು ಹಿಡಿಯಲೆಂದು ಮಲಪ್ರಭೆಯಲ್ಲಿ ಗೊಂಬೆ ತೇಲಿಬಿಟ್ಟವನು ಬರಿಗೈಯಲ್ಲಿ ಮನೆಗೆ ಮರಳಿದರೂ ಅಪರಾಧಿಯೇ.

ತಪ್ಪು ಕಲ್ಪನೆ: ಹಾಗಾದರೆ ಈ ವಿದ್ಯೆ ಕೊಲ್ಲುವುದಕ್ಕೆ ಮಾತ್ರ.

ಅಮೆರಿಕದ ಮೇನ್ ರಾಜ್ಯದ ಈಸ್ಟರ್ನ್ ಎಗ್ ರಾಕ್ ದ್ವೀಪದ ಪಫಿನ್ ಹಕ್ಕಿಗಳನ್ನು 19ನೇ ಶತಮಾನದಲ್ಲಿ ಬೇಟೆಯಾಡಿ ಮುಗಿಸಿದ್ದರು. ಪಕ್ಷಿತಜ್ಞ ಸ್ಟೀಫನ್ ಕ್ರೆಸ್ 1973ರಿಂದ ಅಲ್ಲಿಗೆ ಕೆನಡಾದಿಂದ ಮರಿಗಳನ್ನು ತಂದು ಬೆಳೆಸಿದರು. ಬೆಳೆದವು ಕಡಲಿಗೆ ಹಾರಿದವು, ಮರಳುವ ಸುಳಿವಿಲ್ಲ. 1977ರಲ್ಲಿ ಬಂಡೆಗಳ ಮೇಲೆ ಮರದ ಪಫಿನ್‌ಗಳನ್ನು ನಿಲ್ಲಿಸಿದರು. ಗುಂಪಿನಲ್ಲಿ ಬಾಳುವ ಹಕ್ಕಿ, ಒಂಟಿ ಬಂಡೆಗೆ ಇಳಿಯಲು ಅಂಜುತ್ತದೆ. ತನ್ನವರಿದ್ದಂತೆ ಕಂಡರೆ ಇಳಿಯುತ್ತದೆ. 1981ರಲ್ಲಿ ಅಲ್ಲಿ ಮತ್ತೆ ಗೂಡಾಯಿತು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳಿಗೆ ಸದ್ಯ ಇಂಥ ಕರೆಯೋಲೆ ಬೇಕಾಗಿಲ್ಲ. 2024ರಲ್ಲಿ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸಾರ್ ಪಟ್ಟಿ ಸೇರಿದ ಆ ಕೆರೆಯಲ್ಲಿ, ಇಳಿಯುವ ಹಿಂಡಿಗೆ ಮೊದಲೇ ಇಳಿದ ಹಿಂಡೇ ದೀಹ.