ಹಿಮದ ಊರಿನ ಅಜ್ಜ ಅಜ್ಜಿ, ಮರಳುಗಾಡಿನ ಚಳಿಗಾಲ



ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನಲ್ಲಿ ಮಾಗಡಿ ಎಂಬ ಊರಿದೆ. ಅಲ್ಲೊಂದು ದೊಡ್ಡ ಕೆರೆ ಇದೆ. ಚಳಿಗಾಲ ಬಂತೆಂದರೆ ಆ ಕೆರೆಗೆ ಹೆಬ್ಬಾತುಗಳು ಗುಂಪು ಗುಂಪಾಗಿ ಬರುತ್ತವೆ. ಅವುಗಳ ಬಿಳಿ ತಲೆಯ ಮೇಲೆ ಕಪ್ಪು ಪಟ್ಟೆ ಇರುತ್ತದೆ. ಹಿಮಾಲಯ ಪರ್ವತದ ಆಚೆಯಿಂದ ಅವು ಹಾರಿ ಬರುತ್ತವೆ. ಅಲ್ಲಿ ಚಳಿಗಾಲದಲ್ಲಿ ನೀರು ಕಲ್ಲಿನಂತೆ ಗಟ್ಟಿಯಾಗುತ್ತದೆ. ಮೇಯಲು ಏನೂ ಸಿಗುವುದಿಲ್ಲ. ಅದಕ್ಕೇ ನಮ್ಮ ಬೆಚ್ಚನೆಯ ನಾಡಿಗೆ ಬರುತ್ತವೆ. ಬೇಸಿಗೆ ಹತ್ತಿರ ಬಂದಾಗ ತಿರುಗಿ ಹೋಗುತ್ತವೆ.

ಹೀಗೆ ಬಂದು ಹೋಗುವ ಮನುಷ್ಯರೂ ಇದ್ದಾರೆ. ಅಮೆರಿಕ ದೇಶದಲ್ಲಿ ಇದ್ದಾರೆ. ಕೆನಡಾ ದೇಶದಲ್ಲಿಯೂ ಇದ್ದಾರೆ. ಅವರಲ್ಲಿ ಹೆಚ್ಚಿನವರು ಕೆಲಸದಿಂದ ನಿವೃತ್ತರಾದ ಗಂಡ ಹೆಂಡಿರು. ಅಲ್ಲಿನ ಜನ ಅವರನ್ನು 'ಸ್ನೋ ಬರ್ಡ್' ಎಂದು ಕರೆಯುತ್ತಾರೆ. ಅಂದರೆ ಹಿಮದ ಹಕ್ಕಿ.

ಈ ಮಾತು ಹೇಳಿದಾಗ ನಮ್ಮ ಕಲಿಕಾ ಕೇಂದ್ರದ ಅಜ್ಜಿಯೊಬ್ಬರು ಕೇಳಿದರು: "ವಯಸ್ಸಾದ ಮ್ಯಾಲೆ ಮನ್ಯಾಗ ಕುಂದ್ರೂದು ಬಿಟ್ಟು ಯಾಕ ತಿರುಗತಾರ್ರಿ ಅಕ್ಕಾರ? ಮಕ್ಕಳು ಹೊರಗ ಹಾಕ್ಯಾರೇನು?"

ಒಳ್ಳೆಯ ಪ್ರಶ್ನೆ. ಉತ್ತರ ಹುಡುಕೋಣ ಬನ್ನಿ.

ಚಳಿ ಎಂದರೆ ಎಂಥ ಚಳಿ?

ಅಮೆರಿಕದ ಉತ್ತರ ಭಾಗದಲ್ಲಿ ಮಿನೆಸೋಟ ಎಂಬ ರಾಜ್ಯವಿದೆ. ಅಲ್ಲಿ ಒಬ್ಬ ಅಜ್ಜ, ಒಬ್ಬ ಅಜ್ಜಿ ಇದ್ದಾರೆ ಎಂದುಕೊಳ್ಳೋಣ. ನಮ್ಮಲ್ಲಿ 15 ಡಿಗ್ರಿ ಆದರೆ ಸಾಕು, ಕಂಬಳಿ ಹೊದ್ದು ಕೂರುತ್ತೇವೆ. ಸೊನ್ನೆ ಡಿಗ್ರಿಗೆ ನೀರು ಹೆಪ್ಪುಗಟ್ಟುತ್ತದೆ. ಮಿನೆಸೋಟದಲ್ಲಿ ಜನವರಿ ರಾತ್ರಿಗಳಲ್ಲಿ ಸೊನ್ನೆಗಿಂತ 15, 20 ಡಿಗ್ರಿ ಕೆಳಗೆ ಇಳಿಯುತ್ತದೆ. ಮನೆ ಮುಂದೆ ಮೊಣಕಾಲುದ್ದ ಹಿಮ ಬೀಳುತ್ತದೆ. ಅದನ್ನು ಸಲಿಕೆಯಿಂದ ಬಾಚಿ ದಾರಿ ಮಾಡಬೇಕು. ದಾರಿಯ ಮೇಲೆ ನೀರು ಗಟ್ಟಿಯಾಗಿ ಗಾಜಿನಂತೆ ನುಣುಪಾಗುತ್ತದೆ. ಕಾಲು ಜಾರಿದರೆ ಸೊಂಟದ ಮೂಳೆ ಮುರಿಯುತ್ತದೆ. ವಯಸ್ಸಾದ ಹೆಂಗಸರ ಮೂಳೆ ಮೊದಲೇ ಸವೆದಿರುತ್ತದೆ. ಹೀಗೆ ಬಿದ್ದು ಹಾಸಿಗೆ ಹಿಡಿದವರು ಅನೇಕರು.

ಅದಕ್ಕಾಗಿ ಅಜ್ಜಿ ನಾಲ್ಕೈದು ತಿಂಗಳು ಮನೆಯೊಳಗೇ ಇರಬೇಕಾಗುತ್ತದೆ. ಸಂಜೆ ನಾಲ್ಕೂವರೆ, ಐದು ಗಂಟೆಗೆಲ್ಲ ಕತ್ತಲು. ಮಾತಿಗೆ ಜನ ಇಲ್ಲ. ಮಕ್ಕಳು ದುಡಿಯಲು ಬೇರೆ ಊರಿಗೆ ಹೋಗಿದ್ದಾರೆ. ಮಕ್ಕಳು ಇವರನ್ನು ಹೊರಗೆ ಹಾಕಿಲ್ಲ. ಆ ದೇಶದಲ್ಲಿ ಬಹಳ ಮಂದಿ ವಯಸ್ಸಾದ ಮೇಲೂ ತಮ್ಮ ಮನೆಯಲ್ಲಿ ತಾವೇ ಇರುತ್ತಾರೆ. ಅದು ಅಲ್ಲಿನ ರೂಢಿ.

ಗಾಲಿಯ ಮೇಲೆ ಮನೆ

ಚಳಿ ಶುರುವಾಗುವ ಮೊದಲೇ ಅಜ್ಜ ಅಜ್ಜಿ ಹೊರಡುತ್ತಾರೆ. ಹೋಗುವುದು ಅರಿಜೋನ ಎಂಬ ರಾಜ್ಯಕ್ಕೆ. ಸುಮಾರು 3,000 ಕಿಲೋಮೀಟರ್ ದೂರ. ಬೆಂಗಳೂರಿನಿಂದ ದಿಲ್ಲಿಗೆ ಹೋಗುವುದಕ್ಕಿಂತ ದೂರ!

ಕೆಲವರು ಅಲ್ಲಿ ಚಿಕ್ಕ ಮನೆ ಬಾಡಿಗೆಗೆ ಹಿಡಿಯುತ್ತಾರೆ. ಇನ್ನು ಕೆಲವರು ತಮ್ಮ ಮನೆಯನ್ನೇ ಎಳೆದುಕೊಂಡು ಹೋಗುತ್ತಾರೆ. ಅದು ಬಸ್ಸಿನಂಥ ವಾಹನ. ಇಲ್ಲವೇ ಕಾರಿನ ಹಿಂದೆ ಕಟ್ಟಿ ಎಳೆಯುವ ಗಾಡಿ. ಅದರೊಳಗೆ ಮಂಚ ಇದೆ, ಗ್ಯಾಸ್ ಒಲೆ ಇದೆ, ಪಾತ್ರೆ ತೊಳೆಯುವ ತೊಟ್ಟಿ ಇದೆ, ಪಾಯಖಾನೆಯೂ ಇದೆ. ಮೇಲೆ ಸೂರ್ಯನ ಬಿಸಿಲಿನಿಂದ ಕರೆಂಟು ಮಾಡುವ ಹಲಗೆ. ಅದರಿಂದ ದೀಪ ಉರಿಯುತ್ತದೆ.

ಗಾಡಿಯ ಅಡಿಯಲ್ಲಿ ಮೂರು ಟಾಕಿ ಇರುತ್ತವೆ. ಒಂದರಲ್ಲಿ ಕುಡಿಯುವ ನೀರು. ಇನ್ನೊಂದರಲ್ಲಿ ಪಾತ್ರೆ ತೊಳೆದ, ಸ್ನಾನ ಮಾಡಿದ ನೀರು. ಮೂರನೆಯದರಲ್ಲಿ ಪಾಯಖಾನೆಯ ಹೊಲಸು. ಬಳಸಿದ ನೀರನ್ನು ಎಲ್ಲೆಂದರಲ್ಲಿ ಚೆಲ್ಲುವಂತಿಲ್ಲ. ಅದಕ್ಕೆಂದೇ ಮಾಡಿದ ಜಾಗಕ್ಕೆ ಹೋಗಿ ಖಾಲಿ ಮಾಡಬೇಕು. ಅದಕ್ಕೇ ಅಜ್ಜಿ ನೀರನ್ನು ಅಳೆದು ಬಳಸುತ್ತಾಳೆ. ಒಂದು ಬೋಗುಣಿ ನೀರಿನಲ್ಲಿ ಊಟದ ಪಾತ್ರೆಯೆಲ್ಲ ಮುಗಿಸುತ್ತಾಳೆ. ದೂರದಿಂದ ಕೊಡದಲ್ಲಿ ನೀರು ಹೊತ್ತು ತಂದ ನಮಗೆ ಈ ಲೆಕ್ಕ ಯಾರೂ ಕಲಿಸಬೇಕಾಗಿಲ್ಲ ಅಲ್ಲವೇ?

ಮರಳುಗಾಡು ಎಂದರೆ ಬರೀ ಮರಳಲ್ಲ

ಅರಿಜೋನದ ದಕ್ಷಿಣ ಭಾಗದಲ್ಲಿ ಸೊನೋರಾ ಎಂಬ ಮರುಭೂಮಿ ಇದೆ. ನಮ್ಮ ವಿಜಯಪುರ ಬರದ ಜಿಲ್ಲೆ. ಆದರೂ ಅಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುತ್ತದೆ. ಸೊನೋರಾ ಮರುಭೂಮಿಯ ಯೂಮಾ ಎಂಬ ಊರಿನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 80 ಮಿಲಿಮೀಟರ್ ಮಾತ್ರ. ಮೋಡ ಕಡಿಮೆ. ಹಾಗಾಗಿ ಚಳಿಗಾಲದಲ್ಲೂ ಹಗಲು ಚೆನ್ನಾಗಿ ಬಿಸಿಲು. ಜನವರಿ ಮಧ್ಯಾಹ್ನ 20 ಡಿಗ್ರಿಯ ಆಸುಪಾಸು ಇರುತ್ತದೆ. ರಾತ್ರಿ ಮಾತ್ರ ಚಳಿ.

ಅಲ್ಲಿ ಸಗ್ವಾರೊ ಎಂಬ ಕಳ್ಳಿ ಬೆಳೆಯುತ್ತದೆ. ನಮ್ಮ ಬೇಲಿಯ ಕಳ್ಳಿಯಂತೆ ಸಣ್ಣದಲ್ಲ. ಎರಡು ಮೂರು ಅಂತಸ್ತಿನ ಮನೆಯಷ್ಟು ಎತ್ತರ. ಅದಕ್ಕೆ ಮೊದಲ ಕೊಂಬೆ ಬರಲು 50 ವರ್ಷಕ್ಕೂ ಮೇಲೆ ಬೇಕು. 150 ವರ್ಷ ಬದುಕುತ್ತದೆ. ಆ ನಾಡಿನ ಮೂಲ ನಿವಾಸಿಗಳು ತೊಹೊನೊ ಓಧಮ್ ಜನ. ಅವರು ಬೇಸಿಗೆಯಲ್ಲಿ ಉದ್ದನೆಯ ಗಳದಿಂದ ಈ ಕಳ್ಳಿಯ ಹಣ್ಣು ಕೆಡವುತ್ತಾರೆ. ಅದನ್ನು ಕುದಿಸಿ ಪಾಕ ಮಾಡುತ್ತಾರೆ. ಹಿಮದ ಹಕ್ಕಿಗಳು ಬರುವುದಕ್ಕೆ ಬಹಳ ಮೊದಲಿನಿಂದ ಅವರು ಅಲ್ಲಿ ಬಾಳಿದವರು.

ಕ್ವಾರ್ಟ್‌ಸೈಟ್ ಎಂಬ ಊರು

ಈ ಮರುಭೂಮಿಯಲ್ಲಿ ಕ್ವಾರ್ಟ್‌ಸೈಟ್ ಎಂಬ ಸಣ್ಣ ಊರಿದೆ. 2020ರ ಜನಗಣತಿಯಲ್ಲಿ ಅಲ್ಲಿದ್ದವರು ಸುಮಾರು 2,400 ಜನ. ನಮ್ಮ ಒಂದು ಹಳ್ಳಿಯಷ್ಟು. ಚಳಿಗಾಲದಲ್ಲಿ ಊರ ಸುತ್ತ ಗಾಡಿಗಳದೇ ಜಾತ್ರೆ. ಕಣ್ಣು ಹಾಯುವಷ್ಟು ದೂರ ಬಿಳಿ ಗಾಡಿಗಳು ಕಾಣುತ್ತವೆ. ಜನವರಿಯಲ್ಲಿ ಬಣ್ಣದ ಕಲ್ಲು, ಹರಳುಗಳ ಸಂತೆ ಸೇರುತ್ತದೆ.

ಊರ ಸುತ್ತಲಿನ ಜಾಗದಲ್ಲಿ ಬಹಳಷ್ಟು ಸರ್ಕಾರದ್ದು. ಬೇರೆ ಸರ್ಕಾರಿ ಬಯಲಿನಲ್ಲಿ 14 ದಿನಕ್ಕಿಂತ ಹೆಚ್ಚು ಒಂದೇ ಕಡೆ ಇರುವಂತಿಲ್ಲ. ಚಳಿಗಾಲಕ್ಕೆ ಬರುವವರಿಗೆ ಅನುಕೂಲ ಆಗಲೆಂದು ಸರ್ಕಾರ 1983ರಲ್ಲಿ ಕೆಲವು ಬಯಲುಗಳನ್ನು ಗುರುತಿಸಿತು. ಅಲ್ಲಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಇರಬಹುದು. ಏಳು ತಿಂಗಳಿಗೆ ಒಂದು ಪರವಾನಗಿ ಚೀಟಿ. ಅದರ ಶುಲ್ಕ ಬಹಳ ವರ್ಷ 180 ಡಾಲರ್ ಇತ್ತು. ನಮ್ಮ ಇಂದಿನ ಲೆಕ್ಕದಲ್ಲಿ ಹದಿನೈದು ಹದಿನಾರು ಸಾವಿರ ರೂಪಾಯಿ. ಅಲ್ಲಿ ಒಂದು ಕೋಣೆಯ ತಿಂಗಳ ಬಾಡಿಗೆಗಿಂತ ಇದು ಬಹಳ ಕಡಿಮೆ.

ಈ ಊರಿನ ಸ್ಮಶಾನದಲ್ಲಿ ಕಲ್ಲಿನ ಒಂದು ಗೋರಿ ಇದೆ. ಅದರ ತುದಿಯಲ್ಲಿ ಒಂಟೆಯ ಗೊಂಬೆ ಇದೆ. 1856ರಲ್ಲಿ ಅಮೆರಿಕದ ಸೈನ್ಯ ಮರುಭೂಮಿಯಲ್ಲಿ ಸಾಮಾನು ಹೊರಲು ಒಂಟೆಗಳನ್ನು ತರಿಸಿತು. ಒಂಟೆ ನಡೆಸಲು ದೂರದ ದೇಶದಿಂದ ಹಾಜಿ ಅಲಿ ಎಂಬವರು ಬಂದರು. ಅಲ್ಲಿನವರ ಬಾಯಲ್ಲಿ ಅವರ ಹೆಸರು 'ಹೈ ಜಾಲಿ' ಆಯಿತು. 1902ರಲ್ಲಿ ತೀರಿಕೊಂಡರು. ಆ ಗೋರಿ ಅವರದೇ.

ಅಲ್ಲಿ ದಿನ ಹೇಗೆ ಕಳೆಯುತ್ತದೆ?

ಬೆಳಿಗ್ಗೆ ಅಜ್ಜಿ ಬಾಗಿಲು ತೆರೆದು ಬಿಸಿಲಿಗೆ ಕುರ್ಚಿ ಹಾಕುತ್ತಾಳೆ. ಚಹಾ ಕುಡಿಯುತ್ತಾಳೆ. ಹಿಮ ಬಾಚುವ ಕೆಲಸ ಇಲ್ಲ. ಜಾರಿ ಬೀಳುವ ಭಯ ಇಲ್ಲ. ದಿನಾ ನಡೆದಾಡುವುದರಿಂದ ಕೈಕಾಲು ಸಡಿಲವಾಗುತ್ತವೆ. ನೆರೆಯ ಗಾಡಿಯವರ ಜೊತೆ ಹೊಲಿಗೆ, ಇಸ್ಪೀಟು, ಹಾಡು. ಸಂಜೆ ಬೆಂಕಿ ಹಾಕಿ ಸುತ್ತ ಕೂರುತ್ತಾರೆ. ಹೋದ ವರ್ಷ ಬಂದವರೇ ಈ ವರ್ಷವೂ ಬರುತ್ತಾರೆ. ಯಾರಾದರೂ ಬಾರದಿದ್ದರೆ ವಿಚಾರಿಸುತ್ತಾರೆ. ಗಂಡ ತೀರಿಹೋದ ಹೆಂಗಸರು ಒಬ್ಬರೇ ಗಾಡಿ ನಡೆಸಿಕೊಂಡು ಬರುವುದೂ ಉಂಟು.

ಹಲ್ಲು ನೋವು ಬಂದರೆ ಅನೇಕರು ಗಡಿ ದಾಟುತ್ತಾರೆ. ಯೂಮಾದ ಹತ್ತಿರ ಮೆಕ್ಸಿಕೊ ದೇಶದ ಲಾಸ್ ಅಲ್ಗೊಡೋನಿಸ್ ಎಂಬ ಊರಿದೆ. ಸಣ್ಣ ಊರು, ಆದರೆ ಹಲ್ಲಿನ ಡಾಕ್ಟರುಗಳು ನೂರಾರು. ಅಮೆರಿಕದಲ್ಲಿ ಹಲ್ಲು ಕಟ್ಟಿಸಲು ಬಹಳ ದುಡ್ಡು. ಇಲ್ಲಿ ಅಗ್ಗ. ಕನ್ನಡಕ, ಔಷಧಿಯನ್ನೂ ಅಲ್ಲಿಂದ ತರುತ್ತಾರೆ.

ಏಪ್ರಿಲ್ ಬಂದರೆ ಎಲ್ಲರೂ ಗಂಟುಮೂಟೆ ಕಟ್ಟುತ್ತಾರೆ. ಯಾಕೆಂದರೆ ಬೇಸಿಗೆಯಲ್ಲಿ ಅದು ಬೆಂಕಿಯ ನಾಡು. ಅರಿಜೋನದ ದೊಡ್ಡ ಪಟ್ಟಣ ಫೀನಿಕ್ಸ್. 2023ರಲ್ಲಿ ಅಲ್ಲಿ ಸತತ 31 ದಿನ 43 ಡಿಗ್ರಿಗೂ ಮೇಲೆ ಬಿಸಿಲಿತ್ತು. ಆ ವರ್ಷ ಫೀನಿಕ್ಸ್ ಇರುವ ಒಂದೇ ಜಿಲ್ಲೆಯಲ್ಲಿ ಬಿಸಿಲಿನ ಕಾರಣದಿಂದ 645 ಜನ ಸತ್ತರು. ಚಳಿ ಹೇಗೆ ಕೊಲ್ಲುತ್ತದೋ ಬಿಸಿಲೂ ಹಾಗೇ ಕೊಲ್ಲುತ್ತದೆ. ವಯಸ್ಸಾದವರು ಎರಡರಲ್ಲೂ ಎಚ್ಚರ ಇರಬೇಕು.

ಎಲ್ಲರಿಗೂ ಇದು ಸುಖದ ಪ್ರಯಾಣವಲ್ಲ

ಒಂದು ಮಾತು ಮರೆಯಬಾರದು. ಬಯಲಿನ ಎಲ್ಲ ಗಾಡಿಗಳೂ ಹಣವಂತರ ಗಾಡಿಗಳಲ್ಲ. 2008ರ ಸುಮಾರಿಗೆ ಅಮೆರಿಕದಲ್ಲಿ ಬ್ಯಾಂಕುಗಳು ಮುಳುಗಿದವು. ಸಾಲ ತೀರಿಸಲಾಗದೆ ಅನೇಕರು ಮನೆ ಕಳೆದುಕೊಂಡರು. ಕೆಲವರಿಗೆ ಗಾಡಿಯೇ ಮನೆಯಾಯಿತು. ಎಪ್ಪತ್ತು ವರ್ಷದ ಹೆಂಗಸರೂ ಗೋದಾಮಿನಲ್ಲಿ ಕೂಲಿ ಮಾಡಿದರು. ಅವರ ಬದುಕಿನ ಬಗ್ಗೆ 'ನೊಮ್ಯಾಡ್‌ಲ್ಯಾಂಡ್' ಎಂಬ ಸಿನಿಮಾ 2020ರಲ್ಲಿ ಬಂತು. ಅದನ್ನು ಮಾಡಿದವರು ಕ್ಲೋಯಿ ಜಾವ್ ಎಂಬ ಮಹಿಳೆ. ಅದಕ್ಕೆ 2021ರಲ್ಲಿ ದೊಡ್ಡ ಪ್ರಶಸ್ತಿಯೂ ಬಂತು.

ಇನ್ನೊಂದು ಕಡೆ ನೋಡಿ. ಅಜ್ಜ ಅಜ್ಜಿ ವಿಶ್ರಾಂತಿಗೆ ಬರುವ ಕಾಲವೇ ಯೂಮಾದಲ್ಲಿ ಸೊಪ್ಪಿನ ಸುಗ್ಗಿ. ಕೊಲೊರಾಡೊ ಎಂಬ ನದಿಯ ನೀರಿನಿಂದ ಅಲ್ಲಿ ಸೊಪ್ಪು ಬೆಳೆಯುತ್ತಾರೆ. ಚಳಿಗಾಲದಲ್ಲಿ ಅಮೆರಿಕ ತಿನ್ನುವ ಸೊಪ್ಪಿನ ಬಹುಪಾಲು ಅಲ್ಲಿಯದೇ. ಕೊಯ್ಯುವವರಲ್ಲಿ ಅನೇಕರು ಮೆಕ್ಸಿಕೊದ ಕೂಲಿಗಳು. ನಸುಕಿನ ಮೊದಲೇ ಎದ್ದು ಗಡಿಯಲ್ಲಿ ಸರದಿ ನಿಂತು ಬರುತ್ತಾರೆ. ಅವರಲ್ಲಿ ಹೆಂಗಸರೂ ಇದ್ದಾರೆ. ದಿನವಿಡೀ ಸೊಂಟ ಬಗ್ಗಿಸಿ ಕೊಯ್ಯುತ್ತಾರೆ. ಆ ನದಿಯ ನೀರೂ ಕಡಿಮೆಯಾಗುತ್ತಿದೆ. 2021ರಲ್ಲಿ ಸರ್ಕಾರ ಮೊದಲ ಸಲ ಅಲ್ಲಿ ನೀರಿನ ಕೊರತೆ ಘೋಷಿಸಿತು.

ದುಡ್ಡು ಎಲ್ಲಿಂದ ಬರುತ್ತದೆ?

ನಮ್ಮ ಅಜ್ಜಿ ಮತ್ತೆ ಕೇಳಿದರು: "ದುಡಿಮಿ ಬಿಟ್ಟ ಮ್ಯಾಲೆ ರೊಕ್ಕ ಯಾರು ಕೊಡತಾರ್ರಿ? ಅಜ್ಜಗಷ್ಟ ಬರತದೋ, ಅಜ್ಜಿ ಹೆಸರಿಗೂ ಬರತದೋ?"

ಇದೇ ಮುಖ್ಯ ಪ್ರಶ್ನೆ. ಅಮೆರಿಕದಲ್ಲಿ 1935ರಲ್ಲಿ ಒಂದು ಕಾನೂನು ಬಂತು. ದುಡಿಯುವವರ ಸಂಬಳದಿಂದ ನೂರಕ್ಕೆ ಸುಮಾರು ಆರು ಭಾಗ ಹಿಡಿಯುತ್ತಾರೆ. ಕೆಲಸ ಕೊಟ್ಟ ಮಾಲೀಕರೂ ಅಷ್ಟೇ ಸೇರಿಸಬೇಕು. ವಯಸ್ಸಾದ ಮೇಲೆ ತಿಂಗಳು ತಿಂಗಳು ಪಿಂಚಣಿ ಬರುತ್ತದೆ. ಈ ತಿಂಗಳ ಪಿಂಚಣಿಯ ಮೊದಲ ಚೆಕ್ಕು ಪಡೆದದ್ದು ಒಬ್ಬ ಹೆಂಗಸು. ಅವರ ಹೆಸರು ಐಡಾ ಮೇ ಫುಲ್ಲರ್. 1940ರ ಜನವರಿಯಲ್ಲಿ ಅವರಿಗೆ 22 ಡಾಲರ್ 54 ಸೆಂಟ್ ಬಂತು. ಅವರು 100 ವರ್ಷ ಬದುಕಿದರು. ಕೊನೆಯವರೆಗೂ ಪಿಂಚಣಿ ಪಡೆದರು.

ಕೂಲಿ, ಸಂಬಳ ಇಲ್ಲದೆ ಮನೆಯಲ್ಲೇ ದುಡಿದ ಹೆಂಡತಿಗೂ ಪಾಲು ಇದೆ. ಪೂರ್ತಿ ವಯಸ್ಸಾದ ಮೇಲೆ ಗಂಡನ ಪಿಂಚಣಿಯ ಅರ್ಧದಷ್ಟು ಅವಳ ಹೆಸರಿಗೇ ಬರಬಹುದು. ಗಂಡ ತೀರಿಕೊಂಡರೆ ಗಂಡನಿಗೆ ಬರುತ್ತಿದ್ದಷ್ಟೂ ಅವಳಿಗೆ ಸಿಗಬಹುದು. ಆದರೆ ತಾನಾಗಿ ಬಂದು ಬೀಳುವುದಿಲ್ಲ. ಅರ್ಜಿ ಹಾಕಬೇಕು. ಮದುವೆಯ ಕಾಗದ, ವಯಸ್ಸಿನ ಕಾಗದ ತೋರಿಸಬೇಕು. 65 ದಾಟಿದವರಿಗೆ ಸರ್ಕಾರದ ಆಸ್ಪತ್ರೆ ವಿಮೆಯೂ ಇದೆ. ಅದರ ಕಾನೂನು 1965ರದು. ಕೆನಡಾದಿಂದ ಬಂದವರು ಮಾತ್ರ ಬೇರೆ ವಿಮೆ ಮಾಡಿಸಿಕೊಂಡು ಬರಬೇಕು. ಮರೆತು ಬಂದು ಕಾಯಿಲೆ ಬಿದ್ದರೆ ಆಸ್ಪತ್ರೆಯ ಬಿಲ್ಲಿಗೆ ಕೂಡಿಟ್ಟದ್ದೆಲ್ಲ ಹೋಗುತ್ತದೆ.

ಈಗ ಯೋಚನೆ ಮಾಡಿ. 3,000 ಕಿಲೋಮೀಟರ್ ದೂರದ ಬಯಲಿನಲ್ಲಿ ಅಜ್ಜನಿಗೆ ಎದೆ ನೋವು ಬಂತು. ಗಾಡಿ ನಡೆಸುವುದು, ಬ್ಯಾಂಕಿನ ಲೆಕ್ಕ, ವಿಮೆಯ ಕಾಗದ ಎಲ್ಲ ಅಜ್ಜನಿಗೇ ಗೊತ್ತು. ಆಗ ಅಜ್ಜಿಯ ಗತಿ ಏನು? ಅದಕ್ಕೇ ತಿಳಿದವರು ಹೊರಡುವ ಮೊದಲೇ ಇಬ್ಬರೂ ಎಲ್ಲವನ್ನೂ ಕಲಿತಿರುತ್ತಾರೆ. ಅಜ್ಜಿಯೂ ಗಾಡಿ ನಡೆಸುತ್ತಾಳೆ. ದಾರಿಯ ನಕ್ಷೆ ಓದುತ್ತಾಳೆ. ಗಂಡನ ಮಾತ್ರೆಗಳ ಹೆಸರು ಚೀಟಿಯಲ್ಲಿ ಬರೆದಿಟ್ಟಿರುತ್ತಾಳೆ.

ನಮ್ಮ ಮಾತು

ನಾವು ಮರುಭೂಮಿಗೆ ಹೋಗಬೇಕಾಗಿಲ್ಲ. ನಮ್ಮ ನಾಡಿನಲ್ಲಿ ಅಂಥ ಹಿಮವೂ ಬೀಳುವುದಿಲ್ಲ. ಆದರೆ ವಯಸ್ಸು ನಮಗೂ ಆಗುತ್ತದೆ. ಕರ್ನಾಟಕದಲ್ಲಿ 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಯೋಜನೆ ಇದೆ. 2007ರಲ್ಲಿ ಶುರುವಾಯಿತು. ವಿಧವೆಯರಿಗೆ ಬೇರೆ ವೇತನ ಇದೆ. ನಾಡಕಚೇರಿಯಲ್ಲಿ ಅರ್ಜಿ ಕೊಡಬಹುದು. ಖಾತೆ ನಿಮ್ಮ ಹೆಸರಿನಲ್ಲಿ ಇರಲಿ.

ಪ್ರಶ್ನೆ ಕೇಳಿದ ನಮ್ಮ ಅಜ್ಜಿ ಮರುದಿನ ಒಂದು ಪ್ಲಾಸ್ಟಿಕ್ ಚೀಲ ತಂದರು. ಅದರಲ್ಲಿ ಆಧಾರ್ ಕಾರ್ಡು, ರೇಷನ್ ಕಾರ್ಡು, ಪಾಸ್ ಬುಕ್ಕು ಇದ್ದವು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ತಮ್ಮ ಹೆಸರು ಓದಿದರು. ಆಧಾರ್ ಕಾರ್ಡಿನಲ್ಲಿ ಒಂದು ಥರ ಇತ್ತು, ಪಾಸ್ ಬುಕ್ಕಿನಲ್ಲಿ ಇನ್ನೊಂದು ಥರ ಇತ್ತು. "ಇಷ್ಟ ದಿನ ಇದು ನನಗ ಗೊತ್ತ ಇರಲಿಲ್ಲ ನೋಡ್ರಿ" ಅಂದರು. ತಪ್ಪು ತಿದ್ದಿಸಲು ಆ ವಾರವೇ ನಾವು ಅವರ ಜೊತೆ ಹೋದೆವು.

ನೀವೂ ಇಂದು ಮನೆಗೆ ಹೋಗಿ ನಿಮ್ಮ ಕಾಗದಗಳನ್ನು ತೆಗೆದು ಓದಿ ನೋಡಿ.

ಕೂಡಿ ಮಾತಾಡೋಣ

1. ಹಿಮದ ಹಕ್ಕಿಗಳು ಎಂದರೆ ಯಾರು? ಅವರು ಯಾವ ತಿಂಗಳು ತಿರುಗಿ ಹೋಗುತ್ತಾರೆ? ಯಾಕೆ?
2. ಗಾಡಿಯ ಮೂರು ಟಾಕಿಗಳಲ್ಲಿ ಏನೇನು ಇರುತ್ತದೆ?
3. ಚಳಿಗಾಲದಲ್ಲಿ ಯೂಮಾದಲ್ಲಿ ಯಾರಿಗೆ ವಿಶ್ರಾಂತಿ? ಯಾರಿಗೆ ದುಡಿಮೆ?
4. ಮನೆಯಲ್ಲಿ ದುಡಿಯುವ ಹೆಂಗಸಿಗೆ ವಯಸ್ಸಾದ ಮೇಲೆ ಪಿಂಚಣಿ ಯಾಕೆ ಬೇಕು?
5. ನಿಮ್ಮ ಎಲ್ಲ ಕಾಗದಗಳಲ್ಲಿ ನಿಮ್ಮ ಹೆಸರು ಒಂದೇ ಥರ ಇದೆಯೇ?