ಕೆಂಪು ಪೆನ್ನು ಮತ್ತು ಕಿಟಕಿಯಾಚೆ ಬಿದ್ದ ಕಾದಂಬರಿ

ಲ್ಯಾಬ್ ರೆಕಾರ್ಡ್ ಸೈನ್ ಆಗದೆ ವಾಪಸ್ ಬಂದಾಗ ನಮಗೆಲ್ಲ ಬೇಜಾರಾಗತ್ತೆ, ಆದರೆ ಅಳು ಬರಲ್ಲ. ಗ್ರಾಫ್ ತಪ್ಪಿದ್ದರೆ ಇನ್ನೊಂದು ಶೀಟಿನಲ್ಲಿ ಬರೆದು ಅಂಟಿಸಿದರೆ ಮುಗೀತು. ಅದೇ ನಾವು ಬರೆದ ಕಥೆಯನ್ನು ಯಾರಾದರೂ "ಚೆನ್ನಾಗಿದೆ, ಆದರೆ..." ಅಂತ ವಾಪಸ್ ಕೊಟ್ಟರೆ? ಆ "ಆದರೆ" ಮಾತ್ರ ಕೇಳಿಸತ್ತೆ. "ಚೆನ್ನಾಗಿದೆ" ಕಿವಿಗೇ ಬೀಳಲ್ಲ.

ಕಳೆದ ಸೆಮಿಸ್ಟರ್ ರಜೆಯಲ್ಲಿ ನಾವು ಮೂವರು ರೂಮ್‌ಮೇಟ್‌ಗಳು ಸೇರಿ ಒಂದು ಕಿರುಕಾದಂಬರಿ ಬರೆದೆವು. ಊರು ಬಿಟ್ಟು ಇಂಜಿನಿಯರಿಂಗ್ ಓದಲು ಬಂದ ಹುಡುಗ, ಊರಲ್ಲಿ ಉಳಿದ ಅಜ್ಜಿ, ಇಷ್ಟೇ ಕಥೆ. ನಮ್ಮ ಸಂಘದ ಸೀನಿಯರ್ ಅಕ್ಕ ಒಬ್ಬರು ತೊಂಬತ್ತು ಪುಟಗಳನ್ನೂ ಓದಿ, ತುಂಬಾ ಕೆಂಪು ಗುರುತು ಹಾಕಿ ಕೊಟ್ಟರು. ಅಲ್ಪಪ್ರಾಣ ಮಹಾಪ್ರಾಣದ ತಪ್ಪುಗಳಿಗೆ ನಾವು ನಕ್ಕೆವು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು, ಅದು ಗೊತ್ತಿದ್ದದ್ದೇ. ಮೊದಲ ಮೂವತ್ತು ಪುಟ ಬೇಡ ಅಂದಾಗ ನಗು ನಿಂತಿತು. ಕೊನೆಯ ಪುಟದಲ್ಲಿ ಅವರು ಬರೆದಿದ್ದು ಇದು: "ನಿಮ್ಮ ಹುಡುಗ ಒಂದೂ ತಪ್ಪು ಮಾಡಲ್ಲವಲ್ಲ, ಯಾಕೆ?"

ನಾಲ್ಕು ದಿನ ನಾವು ಆ ಫೈಲ್ ತೆರೆಯಲೇ ಇಲ್ಲ. ಮೆಸ್‌ನಲ್ಲಿ ಕೂತು "ಅವರಿಗೆ ಕಥೆ ಅರ್ಥಾನೇ ಆಗಿಲ್ಲ" ಅಂತ ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡೆವು. ಇದು ನಮಗೆ ಮಾತ್ರ ಆಗೋದಾ ಅಂತ ಹುಡುಕಿದಾಗ ಸಿಕ್ಕವರು ಹಾರ್ಪರ್ ಲೀ.

ಅಮೆರಿಕದ ಅಲಬಾಮಾ ರಾಜ್ಯದ ಮನ್ರೋವಿಲ್ ಎಂಬ ಚಿಕ್ಕ ಊರಿನ ಹುಡುಗಿ ಲೀ. ಕಾನೂನು ಓದನ್ನು ಅರ್ಧಕ್ಕೆ ಬಿಟ್ಟು ನ್ಯೂಯಾರ್ಕಿಗೆ ಹೋಗಿ, ವಿಮಾನ ಕಂಪನಿಯಲ್ಲಿ ಟಿಕೆಟ್ ಕಾಯ್ದಿರಿಸುವ ಕೆಲಸ ಮಾಡುತ್ತಿದ್ದರು. 1956ರ ಕ್ರಿಸ್‌ಮಸ್‌ಗೆ ಗೆಳೆಯ ದಂಪತಿ ಒಂದು ವರ್ಷದ ಖರ್ಚಿಗಾಗುವಷ್ಟು ಹಣ ಉಡುಗೊರೆ ಕೊಟ್ಟು, ಕೆಲಸ ಬಿಟ್ಟು ಬರಿ ಅಂದರು. 1957ರಲ್ಲಿ 'ಗೋ ಸೆಟ್ ಎ ವಾಚ್‌ಮನ್' ಎಂಬ ಹಸ್ತಪ್ರತಿ ಲಿಪಿನ್‌ಕಾಟ್ ಪ್ರಕಾಶನಕ್ಕೆ ತಲುಪಿತು. ಅಲ್ಲಿನ ಸಂಪಾದಕಿ ಟೇ ಹೋಹಾಫ್‌ಗೆ ಬರವಣಿಗೆ ಇಷ್ಟವಾಯಿತು. ಆದರೆ (ಬಂತು ನೋಡಿ!) ಇದು ಬಿಡಿಬಿಡಿ ಪ್ರಸಂಗಗಳ ಗೊಂಚಲು, ಇನ್ನೂ ಕಾದಂಬರಿ ಆಗಿಲ್ಲ ಅನ್ನಿಸಿತು.

ಮುಂದೆ ಎರಡು ವರ್ಷಕ್ಕೂ ಹೆಚ್ಚು ಕಾಲ ತಿದ್ದುಪಡಿ. ಒಂದು ಚಳಿಗಾಲದ ರಾತ್ರಿ ಲೀ ಇಡೀ ಹಸ್ತಪ್ರತಿಯನ್ನು ಕಿಟಕಿಯಿಂದ ಹಿಮದೊಳಗೆ ಎಸೆದು, ಅಳುತ್ತಾ ಹೋಹಾಫ್‌ಗೆ ಫೋನ್ ಮಾಡಿದರಂತೆ. ಹೋಗಿ ಎತ್ತಿಕೊಂಡು ಬಾ ಅಂದರಂತೆ ಅವರು. ಲೀ ಅವರ ಜೀವನಚರಿತ್ರೆಯಲ್ಲಿ ಬರುವ ಈ ಪ್ರಸಂಗ ಓದಿದಾಗ ನಮಗೆ ನಿಜವಾಗಲೂ ಸ್ವಲ್ಪ ಸಮಾಧಾನ ಆಯಿತು.

ಕಾದಂಬರಿ ತಿದ್ದೋದು ಯಾಕೆ ಅಷ್ಟು ಕಷ್ಟ? ಮೊದಲನೆಯ ಕಾರಣ ನಮಗೆಲ್ಲ ಗೊತ್ತಿರೋದೇ. ದೊಡ್ಡ ಪ್ರೋಗ್ರಾಮಿನಲ್ಲಿ ಒಂದು ಫಂಕ್ಷನ್ ಬದಲಾಯಿಸಿದರೆ ಇನ್ನೆಲ್ಲೋ ಹತ್ತು ಎರರ್ ಬರತ್ತೆ. ಕಾದಂಬರಿಯೂ ಹಾಗೇ. ಮೂರನೇ ಅಧ್ಯಾಯದಲ್ಲಿ ಒಬ್ಬನ ಸ್ವಭಾವ ಬದಲಾದರೆ ಹದಿನೈದನೆಯದರಲ್ಲಿ ಅವನಾಡುವ ಮಾತು ಸುಳ್ಳಾಗತ್ತೆ. ಆದರೆ ಇಲ್ಲಿ ಎರರ್ ತೋರಿಸೋಕೆ ಕಂಪೈಲರ್ ಇಲ್ಲ, ಮತ್ತೆ ಮತ್ತೆ ಪೂರ್ತಿ ಓದಬೇಕು.

ಎರಡನೆಯ ಕಾರಣ, ಬರೆದದ್ದರಲ್ಲಿ ನಮ್ಮವರೇ ಇರುತ್ತಾರೆ. ಲೀ ಕಾದಂಬರಿಯ ವಕೀಲ ಆಟಿಕಸ್‌ಗೆ ಮಾದರಿ ಅವರ ತಂದೆಯೇ. ಮೊದಲ ಹಸ್ತಪ್ರತಿಯಲ್ಲಿ 26 ವರ್ಷದ ಮಗಳು ಊರಿಗೆ ಬಂದು, ತಾನು ದೇವರೆಂದುಕೊಂಡಿದ್ದ ಅಪ್ಪ ಕಪ್ಪುಜನರ ಸಮಾನತೆಯನ್ನು ವಿರೋಧಿಸುವವರ ಜೊತೆ ಕೂತಿರುವುದನ್ನು ಕಂಡು ಜಗಳಕ್ಕೆ ನಿಲ್ಲುತ್ತಾಳೆ. ತಿದ್ದಿದ ಪುಸ್ತಕದಲ್ಲಿ ಆ ಜಗಳವೇ ಇಲ್ಲ. ಕಥೆ ಇಪ್ಪತ್ತು ವರ್ಷ ಹಿಂದೆ ಹೋಗಿ, ಪುಟ್ಟ ಹುಡುಗಿ ಸ್ಕೌಟ್ 'ನಾನು' ಎಂದು ಹೇಳುವ ಕಥೆ ಆಯಿತು. ಹಳೆಯದರಲ್ಲಿ ಸ್ವಲ್ಪದರಲ್ಲೇ ಮುಗಿದಿದ್ದ ಒಂದು ಮೊಕದ್ದಮೆ ಹೊಸದರ ಜೀವ ಆಯಿತು. ತೀರ್ಪೂ ಬದಲಾಯಿತು. ಅಲ್ಲಿ ಬಿಡುಗಡೆಯಾಗಿದ್ದ ಕಪ್ಪುವರ್ಣದ ಆರೋಪಿ, ಇಲ್ಲಿ ನಿರಪರಾಧಿ ಆಗಿದ್ದರೂ ಅಪರಾಧಿ ಅನ್ನಿಸಿಕೊಳ್ಳುತ್ತಾನೆ.

ಅದೇ 'ಟು ಕಿಲ್ ಎ ಮಾಕಿಂಗ್‌ಬರ್ಡ್'. 1960ರ ಜುಲೈ 11ರಂದು ಬಂತು, 1961ರಲ್ಲಿ ಪುಲಿಟ್ಜರ್ ಪಡೆಯಿತು. ಹಾಗಂತ ಸಂಪಾದಕರು ಹೇಳಿದ್ದೆಲ್ಲ ವೇದವಾಕ್ಯ ಅಂತಲ್ಲ. ಹಳೆಯ ಹಸ್ತಪ್ರತಿ 2015ರಲ್ಲಿ ಪುಸ್ತಕವಾಗಿ ಬಂದಾಗ, ಆಟಿಕಸ್‌ನ ಆ ಇನ್ನೊಂದು ಮುಖ ನೋಡಿ ಓದುಗರು ಬೆಚ್ಚಿದರು. ತಿದ್ದುವಾಗ ಪುಸ್ತಕ ಗಟ್ಟಿ ಆಯಿತು ನಿಜ, ಆದರೆ ಮಗಳು ಮೊದಲು ಹೇಳಬೇಕೆಂದಿದ್ದ ಒಂದು ಕಹಿ ಮಾತು ಐವತ್ತೈದು ವರ್ಷ ಹೊರಗೇ ಉಳಿಯಿತು. ತಿದ್ದುವಾಗ ಆಗುವ ಸಂಕಟ ಬರೀ ಅಹಂಕಾರ ಅಲ್ಲ. ಏನನ್ನೋ ನಿಜವಾಗಲೂ ಕಳೆದುಕೊಳ್ಳುತ್ತೇವೆ.

ಗಮನಿಸಿ, ಹೊಸ ಕಾದಂಬರಿಯನ್ನು ಹೋಹಾಫ್ ಬರೆದುಕೊಡಲಿಲ್ಲ. ಎಲ್ಲಿ ಸರಿ ಇಲ್ಲ ಅಂತ ತೋರಿಸಿದರು, ಎಲ್ಲಿ ಜೀವ ಇದೆ ಅಂತಾನೂ ತೋರಿಸಿದರು. ಅದರಿಂದ ಏನು ಮಾಡೋದು ಅನ್ನೋದು ಲೀ ಅವರ ಪಾಲಿನ ಕೆಲಸ. ಓದುವವರಿಗೆ ನೋವು ಎಲ್ಲಿದೆ ಅಂತ ಗೊತ್ತಾಗತ್ತೆ, ಔಷಧಿ ನಾವೇ ಹುಡುಕಬೇಕು.

ಹೀಗೆ ಯೋಚಿಸಿ ಐದನೇ ದಿನ ನಾವು ಫೈಲ್ ತೆರೆದೆವು. ಹಳೆಯದರ ಒಂದು ಕಾಪಿ ಬೇರೆ ಇಟ್ಟುಕೊಂಡೆವು, ಇದರಿಂದಲೇ ಅರ್ಧ ಭಯ ಹೋಯಿತು. ಅಕ್ಕನ ಮಾತುಗಳನ್ನು ಮೂರು ಪಟ್ಟಿ ಮಾಡಿದೆವು: ತಕ್ಷಣ ಒಪ್ಪುವಂಥವು, ಒಪ್ಪದವು, ಓದಿದರೆ ಸಿಟ್ಟು ಬರುವಂಥವು. ಮೂರನೆಯದರಲ್ಲಿ ಇದ್ದದ್ದು ಒಂದೇ, ಆ ತಪ್ಪೇ ಮಾಡದ ಹುಡುಗ.

ಯಾಕೆ ಸಿಟ್ಟು ಅಂತ ಕೇಳಿಕೊಂಡಾಗ ನಮ್ಮಲ್ಲೊಬ್ಬ ಸುಮ್ಮನಾದ. ಆ ಹುಡುಗ ಅವನೇ. ಇಂಟರ್ನಲ್ಸ್ ಹಿಂದಿನ ರಾತ್ರಿ ಅಜ್ಜಿ ಫೋನ್ ಮಾಡಿದ್ದರು. ಓದಬೇಕು ಅಂತ ಇವನು ಕಟ್ ಮಾಡಿದ. ವಾಪಸ್ ಮಾಡೋಣ ಅಂದುಕೊಂಡ, ಮಾಡಲಿಲ್ಲ. ಮುಂದಿನ ವಾರ ಊರಿಗೆ ಹೋದಾಗ ಮಾತಾಡಲು ಅಜ್ಜಿ ಇರಲಿಲ್ಲ. ನಮ್ಮ ತೊಂಬತ್ತು ಪುಟದಲ್ಲಿ ಆ ಫೋನ್ ಮಾತ್ರ ಇರಲಿಲ್ಲ.

ಈಗ ನಮ್ಮ ಕಾದಂಬರಿ ಆ ಫೋನಿನಿಂದ ಶುರುವಾಗತ್ತೆ. ಆ ಪುಟವನ್ನು ಅವನೇ ಬರೆದ, ನಾವಿಬ್ಬರೂ ಒಂದಕ್ಷರ ಮುಟ್ಟಲಿಲ್ಲ. ಇನ್ನೂ ಮುಗಿದಿಲ್ಲ, ಮುಗಿದ ಮೇಲೆ ಮತ್ತೆ ಅಕ್ಕನಿಗೇ ಕೊಡುತ್ತೇವೆ. ಮತ್ತೆ "ಆದರೆ" ಬರತ್ತೆ, ಗೊತ್ತು. ನಿಮ್ಮ ಲ್ಯಾಪ್‌ಟಾಪಿನಲ್ಲೂ ಅರ್ಧಕ್ಕೆ ಮುಚ್ಚಿಟ್ಟ ಕಥೆ ಇದ್ದರೆ ಸಂಘಕ್ಕೆ ತನ್ನಿ, ಓದುತ್ತೇವೆ. ಸಿಟ್ಟು ಬಂದರೆ ನಾಲ್ಕು ದಿನ ನಮ್ಮ ಜೊತೆ ಮಾತು ಬಿಡಿ, ಪರವಾಗಿಲ್ಲ. ಐದನೇ ದಿನ ಬನ್ನಿ.